ಮುರುಕು ರೊಟ್ಟಿಯ ಲೆಕ್ಕ

ನಮ್ಮ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಮಗ್ಗ ನಿಲ್ಲಬೇಕಿತ್ತು. ಬನಹಟ್ಟಿಯ ನಮ್ಮ ಓಣಿಯಲ್ಲಿ ಎಲ್ಲ ಮನೆಗಳ ಹಣೆಬರಹವೂ ಇದೇ. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಎಡಕ್ಕೊಂದು ಬಲಕ್ಕೊಂದು ಪವರ್‌ಲೂಮು, ನಡುವೆ ಒಬ್ಬರು ಓರೆಯಾಗಿ ನುಸುಳುವಷ್ಟು ದಾರಿ. ಅದನ್ನು ದಾಟಿದರೆ ಅಡುಗೆಮನೆ. ಅದರ ಪಕ್ಕಕ್ಕೆ ನಾವು ಮಲಗುವ, ಉಣ್ಣುವ, ಓದುವ, ಜಗಳಾಡುವ ಒಂದೇ ಒಂದು ಕೋಣೆ. ಮಗ್ಗ ನಡೆಯುವಾಗ ನೆಲ ಅದುರುತ್ತಿತ್ತು, ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು, ಸಾರಿನ ಮೇಲೆ ಹತ್ತಿಯ ಧೂಳು ಬಂದು ಕೂರುತ್ತಿತ್ತು. ಅವ್ವ ಅದನ್ನು ಸೌಟಿನ ತುದಿಯಿಂದ ತೆಗೆದು ಚೆಲ್ಲಿ ಬಡಿಸುತ್ತಿದ್ದಳು. ಹೊಸದಾಗಿ ಬಂದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು, ನಮಗೆ ಮಾತ್ರ ಆ ಸದ್ದು ಹಿತವಾಗಿತ್ತು. ಮಗ್ಗ ನಡೆಯುತ್ತಿದೆ ಎಂದರೆ ಸಾವುಕಾರ ನೂಲು ಕೊಟ್ಟಿದ್ದಾನೆ, ವಾರದ ಮಜೂರಿ ಬರುತ್ತದೆ, ಅಪ್ಪನ ಮುಖ ಸಡಿಲವಾಗಿರುತ್ತದೆ. ಮಗ್ಗ ನಿಂತು ಎಲ್ಲರ ಮಾತೂ ನಿಚ್ಚಳವಾಗಿ ಕೇಳತೊಡಗಿತೆಂದರೆ ಆ ವಾರ ಮನೆಯಲ್ಲಿ ರೊಕ್ಕವಿಲ್ಲ. ಅದಕ್ಕೇ ಇರಬೇಕು, ಆ ಮನೆಯ ಮಾತು ಎಂದು ನನಗೆ ನೆನಪಿರುವುದರಲ್ಲಿ ಹೆಚ್ಚಿನವು ಜಗಳಗಳೇ.

ಅಪ್ಪನದು ತೂಕದ ಬದುಕು. ಸಾವುಕಾರ ನೂಲನ್ನು ತೂಗಿ ಕೊಡುತ್ತಿದ್ದ, ನೇಯ್ದ ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಿದ್ದ. ನಡುವೆ ಎಷ್ಟು ಕಮ್ಮಿ ಬೀಳುತ್ತದೋ ಅಷ್ಟನ್ನು ಮಜೂರಿಯಲ್ಲಿ ಮುರಿದುಕೊಳ್ಳುತ್ತಿದ್ದ. ಹರಿದ ಎಳೆ, ಸಿಕ್ಕುಗಟ್ಟಿದ ನೂಲು, ಮಗ್ಗದ ಕೆಳಗೆ ಬಿದ್ದ ಕಸ ಎಲ್ಲವನ್ನೂ ಚೀಲದಲ್ಲಿ ತುಂಬಿ ವಾಪಸು ಒಪ್ಪಿಸಬೇಕು, ಇಲ್ಲದಿದ್ದರೆ ಕಳ್ಳ ಎಂಬ ಹೆಸರು. ನಾನೂ ನನ್ನ ತಮ್ಮ ಬಸುವೂ ಗೊಂಬೆಗೆ ಜಡೆ ಹೆಣೆಯಲು ಒಂದು ಎಳೆ ಕೇಳಿದರೂ ಅಪ್ಪ ಕೊಡುತ್ತಿರಲಿಲ್ಲ. ‘ಅದು ನಮ್ಮದಲ್ಲವ್ವಾ’ ಎಂದು ನನ್ನ ಕೈಯಿಂದ ನಯವಾಗಿಯೇ ಬಿಡಿಸಿಕೊಂಡು ಚೀಲಕ್ಕೆ ಹಾಕುತ್ತಿದ್ದ. ಸಿಟ್ಟಿನ ಮನುಷ್ಯ ನಿಜ, ಆದರೆ ಮತ್ತೊಬ್ಬರ ಒಂದು ಎಳೆ ನೂಲಿಗೂ ಆಸೆಪಟ್ಟವನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳಲಿರುವುದನ್ನು ಕೇಳಿದವರು ಅವನನ್ನು ಕೆಟ್ಟವನೆಂದುಕೊಳ್ಳುತ್ತಾರೆ.

ನಮ್ಮ ಓಣಿಯ ನಡುವೆ ಒಂದು ದೇವಿ ಗುಡಿ. ಅದರ ರೊಕ್ಕ, ದವಸ, ಎಣ್ಣೆ ಬತ್ತಿಯ ಉಸಾಬರಿಯನ್ನೆಲ್ಲ ಬಹಳ ವರ್ಷ ಮಲ್ಲಪ್ಪಜ್ಜ ಎಂಬ ಹಿರಿಯರು ನೋಡಿಕೊಂಡಿದ್ದರು. ಅವರ ಲೆಕ್ಕವೆಲ್ಲ ತಲೆಯಲ್ಲಿ. ಯಾರಾದರೂ ಇಷ್ಟು ಜೋಳ ಬಂತಲ್ಲ, ಎಲ್ಲಿ ಹೋಯಿತು ಎಂದು ಕೇಳಿದರೆ ಅಜ್ಜ ನಕ್ಕು, ದೇವಿ ಉಂಡಳು ಅನ್ನುತ್ತಿದ್ದರು. ಹಳಬರು ಒಪ್ಪಿಕೊಳ್ಳುತ್ತಿದ್ದರು, ಹುಡುಗರು ಬೆನ್ನ ಹಿಂದೆ ಗುಸುಗುಸು ಅನ್ನುತ್ತಿದ್ದರು. ಅಜ್ಜನ ಕಣ್ಣಿಗೆ ಪೊರೆ ಬಂದಾಗ ಓಣಿಯವರು ಕೂಡಿ ಗುಡಿಯ ಟ್ರಂಕನ್ನು ಅಪ್ಪನ ಕೈಗೆ ಕೊಟ್ಟರು. ಸಂಗಪ್ಪನ ಕೈಯಲ್ಲಿ ಒಂದು ಪೈಸೆ ಅತ್ತಿತ್ತ ಆಗುವುದಿಲ್ಲ ಎಂದು ಎಲ್ಲರೂ ಹೇಳಿದರಂತೆ. ಅಪ್ಪ ಆ ದಿನ ಟ್ರಂಕನ್ನು ಹೆಗಲ ಮೇಲೆ ಹೊತ್ತು ತಂದದ್ದು ನನಗೆ ಚೆನ್ನಾಗಿ ನೆನಪಿದೆ. ದೇವರ ಜಗಲಿಯ ಮೇಲಿನ ಗೂಡಿನಲ್ಲಿ ಇಟ್ಟ. ಕೈ ತೊಳೆಯದೆ ಅದನ್ನು ಮುಟ್ಟುತ್ತಿರಲಿಲ್ಲ. ನಮ್ಮ ಚಿಲ್ಲರೆಯನ್ನು ಅದರ ಹತ್ತಿರಕ್ಕೂ ಸುಳಿಯಗೊಡುತ್ತಿರಲಿಲ್ಲ. ದೇವಿಗೆ ಜೋಳ ತರಲು ಬಸ್ಸು ಹತ್ತಿ ಬೀಳಗಿ ಕಡೆ ಹೋದರೆ ಟಿಕೆಟ್ಟು ತನ್ನದು, ಚಹಾ ತನ್ನದು. ದೇವರ ಕೆಲಸಕ್ಕೆ ಹೋದವನು ದೇವರ ರೊಕ್ಕದಲ್ಲಿ ಚಹಾ ಕುಡಿಯಬಾರದಂತೆ. ಹಾಗಾದರೆ ನಮ್ಮ ರೊಕ್ಕದಲ್ಲಿ ಕುಡಿದ ಚಹಾವನ್ನು ಯಾರ ಹೆಸರಿಗೆ ಬರೆಯುತ್ತೀರಿ ಎಂದು ಅವ್ವ ಒಲೆಯ ಮುಂದಿನಿಂದಲೇ ಚುಚ್ಚುತ್ತಿದ್ದಳು. ಆಗೆಲ್ಲ ನಾನು ಅಪ್ಪನ ಕಡೆ. ಶಾಲೆಯಲ್ಲಿ, ನಮ್ಮಪ್ಪ ದೇವಿಯ ರೊಕ್ಕ ನೋಡುತ್ತಾನೆ ಎಂದು ಹೇಳಿಕೊಂಡು ಮೆರೆದಿದ್ದೂ ಉಂಟು.

ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ಅವ್ವ ಅಪ್ಪನಿಗೆ ‘ಕೇಳಾಕತ್ತೀರೇನ್ರಿ’ ಅನ್ನುತ್ತಿದ್ದಳು, ಅಪ್ಪ ಅವ್ವನಿಗೆ ‘ಏ, ಇಲ್ಲೆ ಬಾ’ ಅನ್ನುತ್ತಿದ್ದ. ಪರರ ಮುಂದೆ ಅವಳ ವಿಷಯ ಬಂದರೆ ‘ನಮ್ಮ ಮನಿಯಾಗ’ ಅಂದರೆ ಮುಗಿಯಿತು. ಅವ್ವನಿಗೆ ನೀಲವ್ವ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಅಜ್ಜಿಯ ಊರಿಗೆ ಹೋದಾಗಲೇ.

ಶ್ರಾವಣ ಬಂತೆಂದರೆ ಗುಡಿಯಲ್ಲಿ ತಿಂಗಳಿಡೀ ಪುರಾಣ, ಪುರಾಣ ಮುಗಿದ ಮೇಲೆ ಕೇಳಲು ಬಂದವರಿಗೆಲ್ಲ ಊಟ. ರನ್ನ ಬೆಳಗಲಿಯ, ಬೀಳಗಿಯ ರೈತರು ಜೋಳ ಕೊಡುತ್ತಿದ್ದರು. ಗಿರಣಿಯಲ್ಲಿ ಬೀಸಿಸಿದ ಹಿಟ್ಟನ್ನು ಓಣಿಯ ಮನೆಮನೆಗೆ ಹಂಚುವುದು, ಹೆಂಗಸರು ರೊಟ್ಟಿ ಬಡಿದು ಬುಟ್ಟಿಯಲ್ಲಿ ತುಂಬಿ ಗುಡಿಗೆ ಮುಟ್ಟಿಸುವುದು ನಮ್ಮ ಪದ್ಧತಿ. ಮಲ್ಲಪ್ಪಜ್ಜನ ಕಾಲದಲ್ಲಿ ಹಿಟ್ಟನ್ನು ತೂಗುತ್ತಿರಲಿಲ್ಲ. ಅಜ್ಜ ಗುಡಿಯ ಕಟ್ಟೆಯ ಮೇಲೆ ಕುಳಿತು, ಪಾತ್ರೆ ಹಿಡಿದು ಬಂದವರ ಮುಖ ನೋಡಿ ಬೊಗಸೆಯಿಂದ ಹಾಕುತ್ತಿದ್ದರು. ಇನ್ನೊಂದು ಪದ್ಧತಿಯೂ ಇತ್ತು. ಮುರಿದ ರೊಟ್ಟಿ, ಹೊತ್ತಿದ ರೊಟ್ಟಿಯನ್ನು ದೇವಿಯ ಪಂಗತಿಗೆ ಬಡಿಸುವಂತಿಲ್ಲ, ಅದು ಬಡಿದವರ ಮನೆಗೇ ಸೇರಬೇಕು. ಮುರುಕು ಮನೆಗೆ, ಇಡಿಯದು ಗುಡಿಗೆ ಎಂಬುದು ನಮ್ಮ ಓಣಿಯ ಪುಟ್ಟ ಮಕ್ಕಳಿಗೂ ಗೊತ್ತಿತ್ತು. ನಮಗಂತೂ ಶ್ರಾವಣ ಎಂದರೆ ಆ ಮುರುಕೇ. ಬಿಸಿ ಬಿಸಿ ಮುರುಕಿಗೆ ಅಗಸೆ ಹಿಂಡಿ, ಮೇಲೆ ಒಂದು ಚೂರು ಎಣ್ಣೆ.

ಅಪ್ಪ ತನ್ನ ಮೊದಲ ಶ್ರಾವಣದಲ್ಲೇ ಲೆಕ್ಕ ಹಾಕಿದ. ಇಷ್ಟು ಹಿಟ್ಟು ಹೋಗಿದೆ, ಇಷ್ಟೇ ರೊಟ್ಟಿ ಬಂದಿವೆ, ಉಳಿದದ್ದೆಲ್ಲಿ? ಒಂದು ಮಧ್ಯಾಹ್ನ ಅವ್ವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕಿಲೋ ಹಿಟ್ಟು ತೂಗಿ ಕೊಟ್ಟು, ಎಷ್ಟು ರೊಟ್ಟಿಯಾಗುತ್ತವೆ ಎಂದು ಎಣಿಸಿದ. ಮುರಿದವು ಎಷ್ಟು, ಅವನ್ನೂ ಎಣಿಸಿದ. ಮುಂದಿನ ಶ್ರಾವಣಕ್ಕೆ ಗುಡಿಯ ಕಂಬಕ್ಕೆ ತಕ್ಕಡಿ ತೂಗುಬಿದ್ದಿತು. ಹಿಟ್ಟು ತೂಗಿಯೇ ಕೊಡುವುದು, ರೊಟ್ಟಿ ಎಣಿಸಿಯೇ ತೆಗೆದುಕೊಳ್ಳುವುದು, ಮುರುಕನ್ನೂ ಗುಡಿಗೇ ತರಬೇಕು, ಅದನ್ನು ಮಜ್ಜಿಗೆಯಲ್ಲಿ ಕಲಸಿ ಬಡಿಸಿದರಾಯಿತು. ಸಾವುಕಾರ ಹರಿದ ನೂಲನ್ನು ವಾಪಸು ಕೇಳುವಂತೆಯೇ ಅಪ್ಪ ಮುರಿದ ರೊಟ್ಟಿಯನ್ನು ವಾಪಸು ಕೇಳಿದ. ಅದರಲ್ಲಿ ತಪ್ಪೇನಿದೆ ಎಂದು ಅವನಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಲ್ಲಿಯ ಹತ್ತಿರ ಎದುರು ಮನೆಯ ಗೌರಕ್ಕ ಅವ್ವನನ್ನು ಕಾಡಿದಳು. ನಿನ್ನ ಗಂಡ ಇನ್ನು ನಮ್ಮ ಒಲೆಯ ಬೂದಿಯನ್ನೂ ತೂಗುತ್ತಾನೇನು ಎಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ವನೂ ನಕ್ಕಳು. ಮನೆಗೆ ಬಂದ ಮೇಲೆ ನಗಲಿಲ್ಲ.

ಅದೇ ಶ್ರಾವಣದಲ್ಲಿ ನೂಲಿನ ದರ ಏರಿತು. ಸಾವುಕಾರರು ನೂಲು ಸುತ್ತಿದ ಬೀಮು ಕೊಡುವುದನ್ನು ನಿಲ್ಲಿಸಿದರು. ಓಣಿಗೆ ಓಣಿಯೇ ಸುಮ್ಮನಾಯಿತು. ಅಷ್ಟು ದಿನ ಕೇಳದಿದ್ದ ಗುಬ್ಬಿಗಳ ಸದ್ದು, ಮೂರನೆಯ ಮನೆಯವರ ಕೆಮ್ಮು, ಗುಡಿಯ ಪುರಾಣದ ಒಂದೊಂದು ಮಾತು ಕೇಳತೊಡಗಿದವು. ನಮ್ಮ ಮನೆಯಲ್ಲಿ ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ನುಚ್ಚು, ರಾತ್ರಿ ಬೆಳಗಿನದೇ ಉಳಿದಿದ್ದರೆ ಅಂಬಲಿ. ಇತ್ತ ಒಲೆಯ ಮುಂದೆ ದೇವಿಯ ಹಿಟ್ಟಿನ ಪಾತ್ರೆ. ಅವ್ವ ಮಧ್ಯಾಹ್ನವಿಡೀ ಪಟಪಟ ಬಡಿದು ಹಂಚಿನ ಮೇಲೆ ಹಾಕುತ್ತಿದ್ದರೆ ಆ ವಾಸನೆ ಮನೆಯನ್ನೆಲ್ಲ ತುಂಬಿಕೊಳ್ಳುತ್ತಿತ್ತು. ನಾವಿಬ್ಬರೂ ಗೋಡೆಗೆ ಒರಗಿ ಕುಳಿತು ನೋಡುವುದು. ಹಸಿದವರ ಮುಂದೆ ರೊಟ್ಟಿ ಉಬ್ಬುವುದನ್ನು ನೋಡಿದ್ದೀರಾ? ಬಸು ಸಣ್ಣವನು, ಬಾಯಿ ಬಿಟ್ಟು ಕೇಳುತ್ತಿದ್ದ. ನಾನು ದೊಡ್ಡವಳಲ್ಲವೇ, ಕೇಳುತ್ತಿರಲಿಲ್ಲ, ಆದರೆ ಅಲ್ಲಿಂದ ಏಳುತ್ತಲೂ ಇರಲಿಲ್ಲ. ಒಂದು ದಿನ ಅವ್ವ ಹಂಚಿನಿಂದ ತೆಗೆದ ರೊಟ್ಟಿಯೊಂದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ದುಂಡಗೆ, ತೆಳ್ಳಗೆ, ಕಲೆಯಿಲ್ಲದ ರೊಟ್ಟಿ. ಅದರ ಅಂಚನ್ನು ಹೆಬ್ಬೆರಳಿನಿಂದ ಒತ್ತಿದಳು. ‘ಮುರೀತು ನೋಡು, ತಿನ್ರಿ’ ಅಂದಳು. ಆಮೇಲೆ ದಿನಾ ಒಂದಿಷ್ಟು ಮುರಿಯುತ್ತಿದ್ದವು. ನಾವು ತಿನ್ನುತ್ತಿದ್ದೆವು. ಅವಳು ತಿಂದದ್ದನ್ನು ನಾನು ಕಾಣೆ.

ಶ್ರಾವಣ ಮುಗಿಯುವ ದಿನ ಮಂಗಳಾರತಿಯಾದ ಮೇಲೆ ಗುಡಿಯಲ್ಲಿ ಎಲ್ಲರ ಮುಂದೆ ಲೆಕ್ಕ ಓದುವುದಿತ್ತು. ಅಂದು ಬೆಳಿಗ್ಗೆ ಅಪ್ಪ ಕೂಡಿ ಕಳೆದು ನೋಡಿದಾಗ ಎಲ್ಲ ಮನೆಗಳಲ್ಲೂ ಒಂದಿಷ್ಟು ಕಮ್ಮಿ ಬಿದ್ದಿತ್ತು. ಎಲ್ಲರಿಗಿಂತ ಹೆಚ್ಚು ಕಮ್ಮಿ ನಮ್ಮ ಮನೆಯದು. ಅಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದ. ಅವ್ವ ಸುಳ್ಳು ಹೇಳಲಿಲ್ಲ, ಹುಡುಗರಿಗೆ ಕೊಟ್ಟೆ ಅಂದಳು, ಮುರುಕು ಮನೆಗೆ ಸೇರುವುದು ಅತ್ತೆಯ ಕಾಲದಿಂದ ಬಂದದ್ದು ಅಂದಳು. ಅಪ್ಪ ಹಾಗಾದರೆ ಎಲ್ಲರಿಗಿಂತ ಮೊದಲು ನಮ್ಮ ಮನೆಯದನ್ನೇ ಓದುತ್ತೇನೆ, ಆಮೇಲೆ ಉಳಿದವರದು ಎಂದ. ಮಗ್ಗ ನಿಂತಿತ್ತು. ಒಂದು ಮಾತೂ ತಪ್ಪದೆ ನನ್ನ ಕಿವಿಗೆ ಬಿತ್ತು.

‘ಓದಬ್ಯಾಡ್ರಿ,’ ಅಂದಳು ಅವ್ವ. ‘ನನ್ನ ಕಿವ್ಯಾಗಿನ ಬೆಂಡ್ವಾಲಿ ಮಾರಿ ರೊಕ್ಕ ತುಂಬ್ರಿ. ನಾಲ್ಕು ಮಂದ್ಯಾಗ ಮಾತ್ರ ಓದಬ್ಯಾಡ್ರಿ.’

‘ರೊಕ್ಕದ ಮಾತಲ್ಲ ಇದು. ಮಂದೀದು ಓದಿ ನಮ್ಮದು ಬಿಟ್ಟರ ನಾ ಕಳ್ಳ ಆಕ್ಕೇನಿ.’

‘ಓದಿದರ ನಾ ಕಳ್ಳಿ ಆಕ್ಕೇನಲ್ರಿ.’

ಅಪ್ಪ ಕೈ ತೊಳೆದುಕೊಂಡು ಗೂಡಿನಿಂದ ಟ್ರಂಕು ಇಳಿಸಿದ. ಅವ್ವ ನಮ್ಮಿಬ್ಬರ ತಲೆ ಬಾಚಿದಳು, ತಾನೂ ಮದುವೆಯ ಸೀರೆ ಉಟ್ಟಳು. ಗುಡಿಗೆ ಹೋಗದೆ ಉಳಿದಿದ್ದರೆ ಓಣಿ ಬೇರೇನೋ ಅಂದುಕೊಳ್ಳುತ್ತಿತ್ತು. ಕೊನೆಯ ಗಳಿಗೆಯಲ್ಲಿ ಈ ಮನುಷ್ಯ ಓದಲಿಕ್ಕಿಲ್ಲ ಎಂದು ಅವಳಿಗೆ ಅನ್ನಿಸಿತ್ತೋ ಏನೋ. ನನಗಂತೂ ಅನ್ನಿಸಿತ್ತು. ನಾನು ದೇವಿಗೆ ಕೈ ಮುಗಿದು ಬೇಡಿಕೊಂಡದ್ದೂ ಅದನ್ನೇ.

ಗುಡಿಯಲ್ಲಿ ಗಂಡಸರು ಮುಂದೆ, ಹೆಂಗಸರು ಮಕ್ಕಳು ಕಂಬಗಳ ಈಚೆ. ಅಪ್ಪ ಕಾಣಿಕೆಯ ಲೆಕ್ಕ ಓದಿದ, ಎಣ್ಣೆ, ಬೆಲ್ಲ, ಪುರಾಣ ಹೇಳಿದವರಿಗೆ ಕೊಟ್ಟ ದಕ್ಷಿಣೆ ಓದಿದ. ಮಂದಿ ತಲೆದೂಗುತ್ತಿದ್ದರು. ಇಷ್ಟು ಚೊಕ್ಕ ಲೆಕ್ಕವನ್ನು ಆ ಗುಡಿ ಅದುವರೆಗೆ ಕೇಳಿರಲಿಲ್ಲ. ಆಮೇಲೆ ಅವನು ಗಂಟಲು ಸರಿಪಡಿಸಿಕೊಂಡ.

‘ಇನ್ನ ಹಿಟ್ಟಿನ ಲೆಕ್ಕ. ಮೊದಲ ನಮ್ಮ ಮನಿ. ನೀಲವ್ವ. ಕೊಟ್ಟ ಹಿಟ್ಟಿಗೆ ಬರಬೇಕಾದ ರೊಟ್ಟಿ ಬಂದಿಲ್ಲ. ಮುರುಕೂ ಬಂದಿಲ್ಲ. ಮನಿಯಾಗ ತಿಂದಾರ. ಅದರ ರೊಕ್ಕ ನಾ ತುಂಬೇನಿ.’

ಅಪ್ಪನ ಬಾಯಲ್ಲಿ ಅವ್ವನ ಹೆಸರನ್ನು ನಾನು ಕೇಳಿದ್ದು ಅದೊಂದೇ ಸಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸೊಕ್ಕಿರಲಿಲ್ಲ, ಎಣ್ಣೆ ಬೆಲ್ಲವನ್ನು ಓದಿದ ದನಿಯಲ್ಲೇ ಓದಿದ. ಕಂಬದ ಆಚೆಯಿಂದ ಗಂಡಸರು ತಿರುಗಿ ನೋಡಿದರು. ತಿಂದಾರ ಅಂದನಲ್ಲ, ತಿಂದವಳು ನಾನು. ಎಲ್ಲರೂ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಾರೆ ಅನ್ನಿಸಿ ಲಂಗವನ್ನು ಮೇಲೆಳೆದುಕೊಂಡು ಮುದುಡಿ ಕುಳಿತೆ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅಂದುಕೊಂಡೆ. ಅವ್ವ ಅಳಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನೆಲ ನೋಡುತ್ತಾ ಕುಳಿತಳು. ಬಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದ.

ಅಪ್ಪ ಎರಡನೆಯ ಮನೆಯ ಹೆಸರು ಎತ್ತುವಷ್ಟರಲ್ಲಿ ಮಲ್ಲಪ್ಪಜ್ಜ ಗೋಡೆ ಹಿಡಿದುಕೊಂಡು ಎದ್ದು ನಿಂತರು. ಸಾಕು ಸಂಗಪ್ಪ, ಮುಂದಿನದನ್ನು ಓದಬೇಡ ಅಂದರು. ಅಪ್ಪ, ಅದು ಅನ್ಯಾಯವಾಗುತ್ತದೆ ಅಜ್ಜ ಎಂದ. ಅಜ್ಜ ಮತ್ತೆ ಸಾಕು ಅಂದರು. ದೊಡ್ಡವರ ಮಾತನ್ನು ಮೀರುವಂತಿರಲಿಲ್ಲ, ಅಪ್ಪ ಕುಳಿತುಕೊಂಡ. ಯಾರೋ ಜೈಕಾರ ಹಾಕಿದರು, ಪಂಗತಿ ಶುರುವಾಯಿತು. ಹೀಗೆ ಓಣಿಯ ಅಷ್ಟೂ ಮನೆಗಳಲ್ಲಿ ಕಮ್ಮಿ ಬಿದ್ದಿದ್ದರೂ ಆ ಗುಡಿಯಲ್ಲಿ ಓದಿದ್ದು ನಮ್ಮ ಅವ್ವನ ಹೆಸರೊಂದನ್ನೇ. ನಾವು ಊಟಕ್ಕೆ ಕೂರದೆ ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ ಮಲ್ಲಪ್ಪಜ್ಜ ಮೊಮ್ಮಗನ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹುಡುಗನನ್ನು ಹೊರಗೇ ನಿಲ್ಲಿಸಿ ತಾವು ನಿಂತ ಮಗ್ಗದ ಪಕ್ಕದಲ್ಲಿ ಕುಳಿತರು. ಅವ್ವ ನೀರು ತಂದಿಟ್ಟು ಅಡುಗೆಮನೆಯ ಬಾಗಿಲ ಮರೆಗೆ ಸರಿದಳು, ನಾನು ಅವಳ ಬೆನ್ನ ಹಿಂದೆ ನಿಂತೆ. ಅಪ್ಪನೇ ಮೊದಲು ಮಾತೆತ್ತಿದ. ತಾನು ಮಾಡಿದ್ದರಲ್ಲಿ ಏನು ತಪ್ಪು, ಸ್ವಂತ ಹೆಂಡತಿಯನ್ನೂ ಬಿಡಲಿಲ್ಲವಲ್ಲ ಎಂದ.

‘ಮಗ್ಗ ನಿಂತ ಮನಿಯಾಗ ರೊಟ್ಟಿ ಮುರೀಬೇಕೋ ಸಂಗಪ್ಪ,’ ಅಂದರು ಅಜ್ಜ. ‘ಮುರೀಲಿ ಅಂತನ ನಾ ಹಿಟ್ಟು ಕೊಡತಿದ್ದೆ. ಯಾರ ಮಗ್ಗ ನಿಂತೈತಿ ಅಂತ ಕೇಳಿ, ಅವರಿಗೆ ಒಂದು ಬೊಗಸಿ ಹೆಚ್ಚ ಹಾಕತಿದ್ದೆ. ನಮ್ಮ ಹೆಣ್ಣಮಕ್ಕಳು ಗುಡಿ ಮುಂದ ಬಂದು ಉಣ್ಣಾಕ ಕೊಡ್ರಿ ಅಂತಾರೇನು?’

‘ಹಂಗಾರ ಬರದ ಇಡಬೇಕಿತ್ತಲ್ಲಜ್ಜ. ನಂಗ ಯಾರೂ ಹೇಳಲಿಲ್ಲ.’

‘ಬರದರ ತಗೊಂಡವರ ಹೆಸರು ಬೀಳತೈತಿ. ಅದು ಬ್ಯಾಡ ಅಂತನ ನಾ ಇಷ್ಟು ವರ್ಷ ಮಂದಿ ಕಡಿಂದ ಕಳ್ಳ ಅನಿಸಿಕೊಂಡೆ. ನಿನ್ನೆ ಉಳಿದವರ ಹೆಸರು ಉಳಿಸಿದೆ. ನಿನ್ನ ಹೇಣ್ತಿದು ಉಳಸಾಕ ಆಗಲಿಲ್ಲಪ್ಪ.’

ಅಜ್ಜ ಎದ್ದು ಹೋದ ಮೇಲೂ ಅಪ್ಪ ನಿಂತ ಮಗ್ಗದ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುಳಿತಿದ್ದ. ನನಗೆ ಅವನ ಮೇಲೆ ಸಿಟ್ಟು ಬಂತು, ಅಯ್ಯೋ ಅಂತಲೂ ಅನ್ನಿಸಿತು. ಅವನು ಎದ್ದು ಬಂದು ಅವ್ವನಿಗೆ ಒಂದು ಮಾತು ಹೇಳುತ್ತಾನೆ ಎಂದು ಕಾದೆ. ಅಡುಗೆಮನೆಯ ಹೊಸ್ತಿಲವರೆಗೆ ಬಂದ, ನಿಂತ, ಹೊರಗೆ ಹೋದ. ತಪ್ಪಾಯಿತು ಎನ್ನುವುದು ನಮ್ಮ ಗಂಡಸರ ಬಾಯಿಗೆ ಬರುವ ಮಾತಲ್ಲ.

ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಬ್ಬರ ಸೆರಗಿನಡಿ ತಟ್ಟೆ, ಒಬ್ಬರ ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ರೊಟ್ಟಿ, ಪುಂಡಿ ಪಲ್ಯ, ಒಂದು ಮನೆಯಿಂದ ಝುಣಕ. ತಾವು ಪಾರಾಗಿ ಇವಳೊಬ್ಬಳು ಸಿಕ್ಕಿಬಿದ್ದಳಲ್ಲ ಎಂಬ ಸಂಕಟ ಅವರ ಮುಖದ ಮೇಲಿತ್ತು. ಹೊಸ್ತಿಲ ಒಳಗೆ ಇಟ್ಟು ಹೋದರು. ಬಸು ಬುಟ್ಟಿಯ ಬಟ್ಟೆ ಎತ್ತಿ ನೋಡಿದ. ಅವ್ವ ಅವನ ಕೈ ಹಿಡಿದು ಹಿಂದಕ್ಕೆ ಎಳೆದಳು. ಒಂದೊಂದು ತಟ್ಟೆಯಲ್ಲೂ ಎಷ್ಟು ರೊಟ್ಟಿ ಇವೆ ಎಂದು ಎಣಿಸಿ ಮತ್ತೆ ಬಟ್ಟೆ ಮುಚ್ಚಿದಳು. ‘ಸುವರ್ಣಾ, ಎಣಿಸಿ ವಾಪಸ್ ಕೊಟ್ಟು ಬಾ,’ ಅಂದಳು. ‘ಎಷ್ಟದಾವು ಅಂತ ಹೇಳಿ ಕೊಡು.’

ಹಾಡುಹಗಲಿನಲ್ಲಿ ಆ ತಟ್ಟೆಗಳನ್ನು ಹೊತ್ತು ಓಣಿಯಲ್ಲಿ ತಿರುಗಿದವಳು ನಾನು. ಹಸಿವಿತ್ತು, ಕೈಯಲ್ಲಿ ಪಲ್ಯದ ಘಮ ಇತ್ತು. ಒಂದೊಂದು ಬಾಗಿಲಲ್ಲೂ ನಿಂತು, ಇಷ್ಟದಾವು, ಎಣಿಸಿಕೊಳ್ರಿ ಅನ್ನಬೇಕು. ಕಟ್ಟೆಯ ಮೇಲೆ ಕೆಲಸವಿಲ್ಲದೆ ಕುಳಿತ ಗಂಡಸರು ನೋಡುತ್ತಿದ್ದರು. ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು, ಒಬ್ಬಳು, ಅಪ್ಪನಿಗೆ ತಕ್ಕ ಮಗಳು ಅಂದಳು. ಆ ಮಾತಿಗೆ ನನ್ನ ಕಿವಿಯವರೆಗೂ ಬಿಸಿಯೇರಿತು. ಮೊನ್ನೆಯವರೆಗೆ ಅದನ್ನೇ ಹೇಳಿಕೊಂಡು ಮೆರೆದವಳಲ್ಲವೇ ನಾನು. ಗೌರಕ್ಕನ ಮನೆಯದು ಕಡೆಯದು. ಅವಳು ತಟ್ಟೆ ತೆಗೆದುಕೊಂಡು ನನ್ನ ಗಲ್ಲ ಹಿಡಿದಳು. ‘ನಮ್ಮನ್ಯಾಗೂ ಮುರದಿದ್ದುವು ಅಂತ ನಿಮ್ಮವ್ವಗ ಹೇಳವಾ,’ ಅಂದಳು. ಅವಳ ಕಣ್ಣು ತುಂಬಿದ್ದವು. ಮನೆಗೆ ಬಂದು ಹೇಳಿದೆ. ಗೊತ್ತೈತಿ ಅಂದಳು ಅವ್ವ, ಅಷ್ಟೇ.

ಆ ದಿನ ಸಂಜೆ ಅಪ್ಪ ಎಲ್ಲಿಂದಲೋ ಒಂದಿಷ್ಟು ಜೋಳ ಹೊಂದಿಸಿ ತಂದ. ಅವ್ವ ಬೀಸಿದಳು, ಬಡಿದಳು. ಅಪ್ಪ ಉಣ್ಣಲು ಕುಳಿತ. ಅವನ ತಟ್ಟೆಗೆ ರೊಟ್ಟಿ ಹಾಕುತ್ತಾ ಅವ್ವ ಮೆಲ್ಲಗೆ ‘ಒಂದು’ ಅಂದಳು. ಅವನು ತಲೆ ಎತ್ತಿದ. ಆ ರೊಟ್ಟಿ ಮುಗಿದಾಗ ಇನ್ನೊಂದು ಹಾಕಿ ‘ಎರಡು’ ಅಂದಳು. ಅಪ್ಪ ಮೂರನೆಯದಕ್ಕೆ ಕೈ ಅಡ್ಡ ಹಿಡಿದ.

ಅಂದಿನಿಂದ ಅವಳು ಎಣಿಸುವುದನ್ನು ಬಿಡಲಿಲ್ಲ. ಸಾವುಕಾರರು ನೂಲು ಕೊಟ್ಟರು, ಮಗ್ಗ ನಡೆಯತೊಡಗಿದವು, ಮನೆಗೆ ಜೋಳದ ಚೀಲ ಬಂತು. ಮಗ್ಗದ ಗದ್ದಲದಲ್ಲಿ ಅವಳ ದನಿ ಕೇಳಿಸುತ್ತಿರಲಿಲ್ಲ, ತುಟಿ ಆಡುವುದು ಮಾತ್ರ ಕಾಣುತ್ತಿತ್ತು. ನಮಗೆ ಎಣಿಸುತ್ತಿರಲಿಲ್ಲ, ಬಂದವರಿಗೆ ಎಣಿಸುತ್ತಿರಲಿಲ್ಲ, ಅಪ್ಪನಿಗೆ ಮಾತ್ರ. ಬೇರೆ ಯಾವುದರಲ್ಲೂ ಅವನಿಗೆ ಕಮ್ಮಿ ಮಾಡಲಿಲ್ಲ. ಜ್ವರ ಬಂದರೆ ಕಷಾಯ ಕಾಸಿದಳು, ಅಂಗಿಯ ಗುಂಡಿ ಹೊಲಿದಳು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಕೊಟ್ಟಳು. ಗುಡಿಗೂ ಹೋದಳು. ದೇವಿಯ ಮೇಲೆ ಅವಳಿಗೇನು ಸಿಟ್ಟು? ಕೈ ಮುಗಿದು ಬರುತ್ತಿದ್ದಳು, ಪಂಗತಿಯಲ್ಲಿ ಮಾತ್ರ ಕೂರುತ್ತಿರಲಿಲ್ಲ. ಮುಂದಿನ ಶ್ರಾವಣಕ್ಕೆ ಅಪ್ಪ ಕಂಬದ ತಕ್ಕಡಿಯನ್ನು ಬಿಚ್ಚಿಟ್ಟ. ಮಲ್ಲಪ್ಪಜ್ಜನನ್ನೇ ಕರೆತಂದು ಕಟ್ಟೆಯ ಮೇಲೆ ಕೂರಿಸಿ ಹಿಟ್ಟು ಹಾಕಿಸಿದ. ಮುರುಕು ಮತ್ತೆ ಮನೆಮನೆಗೆ ಸೇರಿತು. ಅಪ್ಪ ನಮ್ಮ ಮನೆಗೂ ಒಂದು ಪಾತ್ರೆ ತುಂಬ ಹಿಟ್ಟು ತಂದು ಒಲೆಯ ಹತ್ತಿರ ಇಟ್ಟ.

‘ತೂಗಿ ತಂದೀರೇನ್ರಿ?’ ಕೇಳಿದಳು ಅವ್ವ.

‘ಇಲ್ಲ.’

‘ಹಂಗಾರ ಹೊರಗಿಡ್ರಿ. ತೂಗದ ಹಿಟ್ಟು ನಾ ಮುಟ್ಟೂದಿಲ್ಲ.’

ಅಪ್ಪ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಗೌರಕ್ಕನ ಮನೆಗೆ ಕೊಟ್ಟು ಬಂದ. ಮತ್ತೆ ಯಾವ ಶ್ರಾವಣದಲ್ಲೂ ನಮ್ಮ ಒಲೆಯ ಮೇಲೆ ದೇವಿಯ ರೊಟ್ಟಿ ಬೇಯಲಿಲ್ಲ.

ನನ್ನನ್ನು ನೋಡಲು ಬೀಳಗಿಯಿಂದ ಬೀಗರು ಬಂದಾಗ ಅಪ್ಪನೂ ಅವರೂ ಸಾಲಾಗಿ ಊಟಕ್ಕೆ ಕುಳಿತರು. ಈವತ್ತೊಂದು ದಿನ ಬಿಡವ್ವಾ ಎಂದು ನಾನು ಮೊದಲೇ ಅವಳ ಕೈ ಹಿಡಿದು ಬೇಡಿಕೊಂಡಿದ್ದೆ. ಅವಳು ಹೂಂ ಅಂದಿರಲಿಲ್ಲ. ಬೀಗರ ತಟ್ಟೆಗೆ ಬೇಡ ಬೇಡ ಅಂದರೂ ಹಾಕಿದಳು. ಅಪ್ಪನ ಮುಂದೆ ಬಾಗಿದಾಗ ಮಗ್ಗ ನಿಲ್ಲಿಸಿದ್ದ ಆ ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ‘ಎರಡು’ ಅಂದಳು. ಬೀಗರ ಕೈ ತಟ್ಟೆಯಲ್ಲೇ ನಿಂತಿತು. ಅಪ್ಪ ಮಾತ್ರ ಏನೂ ಆಗದವನಂತೆ ಉಂಡ. ಮದುವೆಯೇನೋ ಆಯಿತು, ಆದರೆ ನಮ್ಮತ್ತೆ ಬಹಳ ವರ್ಷ, ಅಳಿಯನಿಗೆ ಹೊಟ್ಟೆ ತುಂಬ ಹಾಕುತ್ತಾರೋ ಇಲ್ಲವೋ ಎಂದು ನನ್ನ ತವರನ್ನು ಆಡಿಕೊಂಡರು. ಅವರಿಗೆ ನಿಜ ಹೇಳಬಹುದಿತ್ತು. ಏನಂತ ಹೇಳುವುದು? ಅಪ್ಪನ ಮರ್ಯಾದೆ ಉಳಿಸಿದರೆ ಅವ್ವನದು ಹೋಗುತ್ತದೆ, ಅವ್ವನದು ಉಳಿಸಿದರೆ ಅಪ್ಪನದು. ಹಾಗಾಗಿ ಜಿಪುಣರು ಅನ್ನಿಸಿಕೊಂಡೇ ಇದ್ದೆವು.

ಈಗ ನಾನು ಮಾಸ್ತರಿಕೆಯಿಂದ ನಿವೃತ್ತಳಾಗಿ ಜಮಖಂಡಿಯಲ್ಲಿದ್ದೇನೆ. ಆ ಗುಡಿಗೆ ಗ್ರಾನೈಟು ಹಾಕಿಸಿದ್ದಾರೆ, ಹುಂಡಿಯ ಪಕ್ಕದಲ್ಲಿ ಫೋನಿನಿಂದ ಕಾಣಿಕೆ ಹಾಕುವ ಚೌಕುಳಿ ಚಿತ್ರ ಅಂಟಿಸಿದ್ದಾರೆ. ಶ್ರಾವಣ ಮುಗಿದ ವಾರದಲ್ಲೇ ಇಡೀ ತಿಂಗಳ ಲೆಕ್ಕ ವಾಟ್ಸಾಪಿನಲ್ಲಿ ಬರುತ್ತದೆ. ಕಮಿಟಿಯ ಹುಡುಗರು ಛಲೋ ಕೆಲಸ ಮಾಡುತ್ತಿದ್ದಾರೆ, ಪೈಸೆ ಪೈಸೆಗೆ ರಸೀದಿ. ಊಟವನ್ನು ಗುತ್ತಿಗೆಗೆ ಕೊಟ್ಟಿದ್ದಾರೆ, ಯಾವ ಮನೆಗೂ ಹಿಟ್ಟು ಹೋಗುವುದಿಲ್ಲ. ಈ ಸಲ ಒಬ್ಬ ಹುಡುಗ ಫೋನು ಮಾಡಿ, ಟೀಚರ್, ನಿಮ್ಮಪ್ಪನ ಹಾಗೆ ಲೆಕ್ಕ ಇಟ್ಟಿದ್ದೇವೆ ನೋಡ್ರಿ ಅಂದ. ಪ್ರೀತಿಯಿಂದಲೇ ಅಂದದ್ದು. ನಾನು ಹೂಂ ಅಂದೆ. ಮಗ್ಗಗಳು ಈಗಲೂ ನಿಲ್ಲುತ್ತವೆ, ನಿಂತ ಮನೆಯವರು ಏನು ತಿನ್ನುತ್ತಾರೆ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಲೆಕ್ಕ ಬೇಡ ಅನ್ನಲು ನನಗೆ ಬಾಯಿಲ್ಲ. ಲೆಕ್ಕವಿಲ್ಲದ ಗುಡಿಗಳಲ್ಲಿ ಏನೇನಾಗುತ್ತದೆಂದು ಎಲ್ಲರಿಗೂ ಗೊತ್ತಿದೆ. ಅಪ್ಪನನ್ನು ಹೊಗಳಿದರೆ ನಾಚಿಕೆಯಾಗುತ್ತದೆ, ಬೈದರೂ ನಾಚಿಕೆಯಾಗುತ್ತದೆ.

ಅಪ್ಪ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದ. ಹಲ್ಲು ಹೋಗಿದ್ದವು, ಅವ್ವ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಳು. ಆಗಲೂ ಎಣಿಕೆ ತಪ್ಪಲಿಲ್ಲ. ನನಗೆ ತಡೆಯಲಾಗಲಿಲ್ಲ. ಇನ್ನಾದರೂ ಬಿಡವ್ವಾ, ಸಾಯುವ ಮನುಷ್ಯ ಎಂದು ಬೈದೆ. ಅವ್ವ ನನ್ನತ್ತ ತಿರುಗಲೇ ಇಲ್ಲ. ಅಪ್ಪನೇ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದ. ‘ಎಣಸಲಿ ಬಿಡವಾ,’ ಅಂದ. ‘ಆಕಿ ಲೆಕ್ಕ ಖರೆ ಐತಿ.’

ಅವನು ಹೋದ ಮೇಲೆ ದಿವಸದ ದಿನ ಫೋಟೋದ ಮುಂದೆ ಎಡೆ ಇಡುವುದಿತ್ತು. ಒಳಗೆ ಬಂಧುಗಳು ತುಂಬಿದ್ದರು, ಗೌರಕ್ಕನೂ ಬಂದು ಕುಳಿತಿದ್ದಳು. ಅವ್ವ ಬೆಳಿಗ್ಗೆಯೇ ಎದ್ದು ಯಾರನ್ನೂ ಒಲೆಯ ಹತ್ತಿರ ಬಿಡದೆ ತಾನೊಬ್ಬಳೇ ರೊಟ್ಟಿ ಬಡಿದಿದ್ದಳು. ಬುಟ್ಟಿ ಹಿಡಿದುಕೊಂಡು ಬಂದು ಫೋಟೋದ ಮುಂದೆ ಕುಳಿತಳು. ಇಷ್ಟು ಜನರ ಮುಂದೆ ಈಗ ಎಣಿಸುತ್ತಾಳೆ ಎಂದು ನಾನು ನಾಚಿಕೆಯಿಂದ ತಲೆ ತಗ್ಗಿಸಿ ಕಾದೆ. ಒಂದು ಅನ್ನಲಿಲ್ಲ. ಎರಡು ಅನ್ನಲಿಲ್ಲ. ನಾನು ತಲೆ ಎತ್ತಿ ನೋಡಿದಾಗ ಅವಳು ಬುಟ್ಟಿಯಲ್ಲಿದ್ದ ಅಷ್ಟೂ ರೊಟ್ಟಿಯನ್ನು ತಟ್ಟೆಯ ಮೇಲೆ ಸುರುವಿ, ಜಾರಿ ನೆಲಕ್ಕೆ ಬಿದ್ದು ಮುರಿದವುಗಳನ್ನೂ ಎತ್ತಿ ಮೇಲೆ ಇಡುತ್ತಿದ್ದಳು. ‘ಎಷ್ಟು ಬೇಕೋ ತಿನ್ರಿ,’ ಅಂದಳು ಫೋಟೋಕ್ಕೆ.